ಚಾವಣಿಯ ಅರ್ಧ ಹೂವು

ಈ ಸಲ ಬಂದ ಪತ್ರಗಳಲ್ಲಿ ಒಂದು ಲಂಡನ್ನಿನ ಮನೆ ಬಗ್ಗೆ, ಉಳಿದವು ನಮ್ಮ ಕಡೆಯ ಮನೆಗಳ ಬಗ್ಗೆ. ಓದುತ್ತಾ ಹೋದಂತೆ ಎಲ್ಲರೂ ಕೇಳಿರುವುದು ಹೆಚ್ಚುಕಮ್ಮಿ ಒಂದೇ ಅನ್ನಿಸಿತು. ಒಂದು ಕುಟುಂಬಕ್ಕೆ ಅಂತ ಕಟ್ಟಿದ ಮನೆಯಲ್ಲಿ ನಾಲ್ಕೈದು ಸಂಸಾರ ಸೇರಿಕೊಂಡರೆ ಆ ಮನೆಗೆ ಏನಾಗುತ್ತೆ? ಅದಕ್ಕೇ ಮೊದಲ ಪತ್ರಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ಮಗಳ ಬಾಣಂತನಕ್ಕೆ ಲಂಡನ್ನಿಗೆ ಹೋಗಿ ಐದು ತಿಂಗಳು ಇದ್ದು ಬಂದೆ. ಅವರದು ವಿಕ್ಟೋರಿಯಾ ರಾಣಿ ಕಾಲದ ಮನೆಯಂತೆ, ಈಗ ಅದರಲ್ಲಿ ಐದು ಫ್ಲ್ಯಾಟ್ ಇವೆ. ಇವರದು ಫಸ್ಟ್ ಫ್ಲೋರ್. ಹಾಲ್‌ನ ಚಾವಣಿಯಲ್ಲಿ ದೊಡ್ಡ ಬಿಳಿ ಹೂವು ಇದೆ, ಆದರೆ ಅರ್ಧ ಮಾತ್ರ. ಗೋಡೆ ಅದನ್ನು ಕೊಯ್ದ ಹಾಗಿದೆ. ಮೇಲಿನವರು ನಡೆದರೆ ನಮ್ಮ ತಲೆ ಮೇಲೇ ನಡೆದಂತಾಗುತ್ತೆ. ಮಲಗುವ ಕೋಣೆ ಮೂಲೆಯಲ್ಲಿ ಕಪ್ಪು ಬೂಷ್ಟು. ಫ್ಲ್ಯಾಟ್ ಕೊಂಡಿದ್ದಾರೆ, ಆದರೆ ಜಾಗ ಅವರದಲ್ಲವಂತೆ. ನಮ್ಮ ಬ್ರಹ್ಮಪುರದ ಮಾಳಿಗೆ ಮನೆಯಲ್ಲಿ ಇಂಥ ತೊಂದರೆ ಒಂದೂ ಇಲ್ಲ. ಅಷ್ಟು ದುಡ್ಡು ಕೊಟ್ಟು ಮಕ್ಕಳು ಮೋಸ ಹೋದರಾ?
— ಒಬ್ಬ ತಾಯಿ, ಕಲಬುರಗಿ

ಉತ್ತರ: ಅಮ್ಮಾ, ಮೋಸ ಹೋಗಿಲ್ಲ. ಮೊದಲು ಆ ಚಿಂತೆ ಬಿಡಿ. ಓದುವಾಗ ಅಂಥದ್ದೇ ಒಂದು ಮನೆಯಲ್ಲಿ ನಾನು ಒಂದು ವರ್ಷ ಇದ್ದೆ. ಹಿಂಬದಿಯ ಸಣ್ಣ ಕೋಣೆ, ಬೀದಿ ಬಾಗಿಲ ಪಕ್ಕದಲ್ಲಿ ಸಾಲಾಗಿ ಆರು ಕರೆಗಂಟೆ. ನೀವು ಬರೆದಿರುವ ಒಂದೊಂದೂ ನಾನು ಕಂಡದ್ದೇ.

ಹೂವಿನಿಂದಲೇ ಶುರು ಮಾಡೋಣ. ಅದು ಅಚ್ಚಿನಲ್ಲಿ ಹೊಯ್ದ ಪ್ಲಾಸ್ಟರ್. ಕೋಣೆಯ ನಟ್ಟನಡುವೆ ಕೂರಿಸುತ್ತಿದ್ದರು. ಕರೆಂಟ್ ಬರುವ ಮುಂಚೆ ಅದರ ನಡುವಿನಿಂದಲೇ ಗ್ಯಾಸ್ ದೀಪ ತೂಗುತ್ತಿತ್ತು. ಹಾಗಾಗಿ ಹೂವು ಅರ್ಧವೇ ಕಾಣುತ್ತಿದೆ ಅಂದರೆ ನೀವು ಕೂರುತ್ತಿದ್ದ ಹಾಲ್ ಕೂಡ ಅರ್ಧ ಕೋಣೆಯೇ. ಉಳಿದರ್ಧ ಗೋಡೆಯ ಆಚೆ ಇದೆ. ಆಚೆ ಇರುವುದು ಅಡುಗೆಮನೆ ಆಗಿದ್ದರೆ, ಅದರ ಫಾಲ್ಸ್ ಸೀಲಿಂಗಿನ ಮೇಲೆ ಇನ್ನರ್ಧ ಹೂವು ಕತ್ತಲಲ್ಲಿ ಹಾಗೇ ಇರಬಹುದು. ಚಾವಣಿಯೂ ಗೋಡೆಯೂ ಸೇರುವ ಕಡೆ ಒಂದು ಸಲ ಕಣ್ಣಾಡಿಸಲು ಮಗಳಿಗೆ ಹೇಳಿ. ಮೂರು ಕಡೆ ಪ್ಲಾಸ್ಟರಿನ ಅಂಚುಪಟ್ಟಿ ಓಡಿರುತ್ತೆ, ನಾಲ್ಕನೇ ಕಡೆ ಬೋಳಾಗಿರುತ್ತೆ. ಆ ಬೋಳು ಗೋಡೆಯೇ ಆಮೇಲೆ ಎಬ್ಬಿಸಿದ್ದು. ಬೆರಳಿನಿಂದ ತಟ್ಟಿದರೆ ಖಾಲಿ ಡಬ್ಬಿಯ ಸದ್ದು ಬರುತ್ತೆ.

ಆ ಮನೆ ಯಾರಿಗೆ ಅಂತ ಕಟ್ಟಿದ್ದು ಅಂತ ಗೊತ್ತಾದರೆ ಉಳಿದದ್ದೂ ಅರ್ಥವಾಗುತ್ತೆ. ವಿಕ್ಟೋರಿಯಾ ರಾಣಿ ಆಳಿದ್ದು 1837ರಿಂದ 1901ರವರೆಗೆ. ಆಗ ಲಂಡನ್ ಎಲ್ಲ ದಿಕ್ಕಿಗೂ ಬೆಳೆಯಿತು. ಒಂದು ಬೀದಿಗೆ ಬೀದಿಯೇ ಒಂದಕ್ಕೊಂದು ಅಂಟಿಸಿ ಕಟ್ಟಿದರು. ಅನುಕೂಲಸ್ಥರ ದೊಡ್ಡ ಮನೆ ಅಂದರೆ ಅರ್ಧ ನೆಲದೊಳಗೆ ಅಡುಗೆಮನೆ. ಅದರ ಮುಂದೆ, ಬೀದಿಯ ಕೆಳಗೇ, ಕಲ್ಲಿದ್ದಲ ಗೂಡು. ಬೀದಿಯ ಕಲ್ಲಿನಲ್ಲಿ ತಟ್ಟೆಯಷ್ಟು ಅಗಲದ ಕಬ್ಬಿಣದ ಮುಚ್ಚಳ ಇರುತ್ತೆ, ಅದನ್ನು ತೆಗೆದು ಮೂಟೆ ಸುರಿಯುತ್ತಿದ್ದರು. ಮೆಟ್ಟಿಲು ಹತ್ತಿ ಒಳಗೆ ಬಂದರೆ ಊಟದ ಕೋಣೆ. ಅದರ ಮೇಲೆ ಬಂದವರನ್ನು ಕೂರಿಸುವ ಕೋಣೆ. ಅದರ ಮೇಲೆ ಮಲಗುವ ಕೋಣೆಗಳು. ಎಲ್ಲಕ್ಕಿಂತ ಮೇಲೆ, ಸೂರಿನ ಇಳಿಜಾರಿನ ಕೆಳಗೆ, ಮನೆಗೆಲಸದ ಹುಡುಗಿಯರು ಮಲಗುವ ಗೂಡು. ಮೇಲೆ ಹೋದಂತೆ ಚಾವಣಿ ತಗ್ಗು, ಹೂವು ಬಳ್ಳಿ ಮಾಯ. ನಿಮ್ಮ ಮಗಳದು ಫಸ್ಟ್ ಫ್ಲೋರ್ ಅಂದಿರಲ್ಲ, ಅದೇ ಬಂದವರನ್ನು ಕೂರಿಸುತ್ತಿದ್ದ ಮಹಡಿ. ಇಡೀ ಮನೆಯಲ್ಲಿ ಎತ್ತರದ ಚಾವಣಿ, ದೊಡ್ಡ ಕಿಟಕಿ ಇರುವುದು ಅಲ್ಲೇ. ನಮ್ಮ ಪಡಸಾಲೆಗೆ ಒಳ್ಳೆಯ ಕಂಬ, ಬೋದಿಗೆ ಕೂರಿಸಿ, ಒಳಕೋಣೆಗೆ ಒರಟು ತೊಲೆ ಹಾಕುತ್ತಿದ್ದರಲ್ಲ, ಅದೇ ಲೆಕ್ಕ.

ಆ ದೊಡ್ಡ ಕಿಟಕಿಗೂ ಒಂದು ಕಾರಣ ಇದೆ. ಇಂಗ್ಲೆಂಡಿನಲ್ಲಿ 1696ರಿಂದ ಕಿಟಕಿ ಎಣಿಸಿ ತೆರಿಗೆ ಹಾಕುತ್ತಿದ್ದರು. ಗಾಜಿಗೆ ಬೇರೆ ಸುಂಕ, ಇಟ್ಟಿಗೆಗೆ ಬೇರೆ ಸುಂಕ. ಗಾಜಿನ ಸುಂಕ 1845ರಲ್ಲಿ ಹೋಯಿತು, ಇಟ್ಟಿಗೆಯದು 1850ರಲ್ಲಿ, ಕಿಟಕಿಯ ತೆರಿಗೆ 1851ರಲ್ಲಿ. ಆಮೇಲೆ ಜನ ಅಗಲ ಕಿಟಕಿ, ದೊಡ್ಡ ಗಾಜು ಹಾಕಿಸಿದರು. ರೈಲು ಬಂದ ಮೇಲೆ ವೇಲ್ಸ್‌ನ ಗಣಿಗಳಿಂದ ಸೂರಿಗೆ ಸ್ಲೇಟ್ ಕಲ್ಲು ಬಂತು. ನಮ್ಮ ಶಹಾಬಾದ್ ಪರಸಿಯ ಹಾಗೆ ಅದೂ ಹಾಳೆ ಹಾಳೆಯಾಗಿ ಏಳುವ ಕಲ್ಲು.

ಅಲ್ಲಿನ ಕಿಟಕಿಯನ್ನು ನಾನು ಒಳಗಿನಿಂದ ನೋಡಿದ್ದೇನೆ. ಅದರ ಪಡಿ ನಮ್ಮ ಕಿಟಕಿಯ ಹಾಗೆ ಪಕ್ಕಕ್ಕೆ ತೆರೆಯಲ್ಲ, ಮೇಲೆ ಕೆಳಗೆ ಜಾರುತ್ತೆ. ಒಂದು ರಾತ್ರಿ ನನ್ನ ಕೋಣೆಯ ಕಿಟಕಿ ಧಡಾರ್ ಅಂತ ಬಿತ್ತು. ಗಾಜು ಉಳಿಯಿತು, ಆದರೆ ಮತ್ತೆ ಮೇಲೆ ನಿಲ್ಲಲಿಲ್ಲ. ಮರುದಿನ ಒಬ್ಬ ವಯಸ್ಸಾದ ಬಡಗಿ ಬಂದರು. ಚೌಕಟ್ಟಿನ ಪಕ್ಕದಲ್ಲಿ ಒಂದು ಗೇಣುದ್ದದ ಪಟ್ಟಿ ಇತ್ತು, ದಿನಾ ನೋಡಿದ್ದರೂ ನಾನು ಗಮನಿಸಿರಲಿಲ್ಲ. ಅದನ್ನು ಉಳಿಯಿಂದ ಎಬ್ಬಿಸಿ ಕೈ ಒಳಗೆ ಹಾಕಿ ಒನಕೆ ತುಂಡಿನಂಥ ಕಬ್ಬಿಣದ ಗುಂಡೊಂದನ್ನು ಹೊರಗೆ ತೆಗೆದರು. ಚೌಕಟ್ಟು ಒಳಗೆ ಟೊಳ್ಳು. ಆ ಟೊಳ್ಳಿನಲ್ಲಿ ಎರಡೂ ಕಡೆ ಇಂಥ ಗುಂಡುಗಳು ಹತ್ತಿ ಹಗ್ಗಕ್ಕೆ ತೂಗುತ್ತವೆ. ಹಗ್ಗ ಮೇಲೆ ಒಂದು ಗಾಲಿ ದಾಟಿ ಕಿಟಕಿ ಪಡಿಗೆ ಕಟ್ಟಿರುತ್ತೆ. ಎರಡು ಗುಂಡಿನ ತೂಕ ಸೇರಿದರೆ ಗಾಜಿನ ಪಡಿಯ ತೂಕ. ಅದಕ್ಕೇ ಅಷ್ಟು ಭಾರದ ಕಿಟಕಿಯನ್ನು ಒಂದು ಕೈಯಲ್ಲಿ ಎತ್ತಿದರೆ ಎತ್ತಿದಲ್ಲೇ ನಿಲ್ಲುತ್ತೆ. ಬಾವಿಯ ಗಾಲಿಗೆ ಎರಡು ಕೊಡ ಕಟ್ಟಿದ ಹಾಗೆ. ಹಳೇ ಹಗ್ಗ ಸವೆದು ಹರಿದಿತ್ತು ಅಷ್ಟೆ. ಹೊಸ ಹಗ್ಗ ಹಾಕಿ ಅರ್ಧ ಗಂಟೆಯಲ್ಲಿ ಮುಗಿಸಿದರು. ನೂರು ವರ್ಷ ದಾಟಿದ ಕಿಟಕಿ ರಿಪೇರಿಗೆ ಬರುತ್ತೆ ಅನ್ನುವುದನ್ನು ನಾನು ಅವತ್ತು ಕಣ್ಣಾರೆ ಕಂಡೆ. ನಿಮ್ಮ ಅಳಿಯ ಆ ಕಿಟಕಿ ತೆಗೆಸಿ ಪ್ಲಾಸ್ಟಿಕ್ ಕಿಟಕಿ ಹಾಕಿಸುವ ಯೋಚನೆಯಲ್ಲಿದ್ದರೆ ದಯವಿಟ್ಟು ತಡೆಯಿರಿ.

ಈಗ ಸದ್ದಿನ ವಿಷಯ. ಆ ಮನೆಗಳಲ್ಲಿ ಮಹಡಿ ಅಂದರೆ ಮರದ ಜಂತಿ, ಮೇಲೆ ಹಲಗೆ, ಕೆಳಗೆ ತೆಳು ಮರದ ಪಟ್ಟಿಗೆ ಮೆತ್ತಿದ ಸುಣ್ಣದ ಚಾವಣಿ. ನಡುವೆ ಟೊಳ್ಳು. ಸ್ವಲ್ಪ ಒಳ್ಳೆಯ ಮನೆಯಾದರೆ ಆ ಟೊಳ್ಳಿಗೆ ಬೂದಿ, ಮರಳು ತುಂಬುತ್ತಿದ್ದರು. ಒಂದೇ ಸಂಸಾರ ಇದ್ದಾಗ ಮೇಲೆ ನಡೆಯುವವರು ಮನೆಮಕ್ಕಳೇ, ಯಾರಿಗೂ ಅದು ತೊಂದರೆ ಅನ್ನಿಸಲಿಲ್ಲ. ಮೊದಲ ಮಹಾಯುದ್ಧದ ನಂತರ ಮನೆಗೆಲಸಕ್ಕೆ ಜನ ಸಿಗುವುದು ಕಷ್ಟವಾಯಿತು. ಎರಡನೇ ಯುದ್ಧದ ಬಾಂಬಿಗೆ ಎಷ್ಟೋ ಮನೆ ಬಿದ್ದವು, ಇದ್ದ ಮನೆಗಳಲ್ಲೇ ಜನ ಒತ್ತಿಕೊಂಡರು. ಹಾಗೆ ದೊಡ್ಡ ಮನೆಗಳು ಪಾಲಾದವು. ಕೋಣೆ ಹಂಚುವುದು ಸುಲಭ. ಆದರೆ ಜಂತಿ ಒಂದೇ. ಮೇಲಿನವರ ನೆಲವೂ ನಿಮ್ಮ ಚಾವಣಿಯೂ ಒಂದೇ ಮರಕ್ಕೆ ಜೋತುಬಿದ್ದಿವೆ. ಅದಕ್ಕೇ ಅಲ್ಲಿನ ಎಷ್ಟೋ ಫ್ಲ್ಯಾಟ್ ಕರಾರುಗಳಲ್ಲಿ ನೆಲಕ್ಕೆ ಕಾರ್ಪೆಟ್ ಹಾಸಲೇಬೇಕು ಅಂತ ಬರೆದಿರುತ್ತಾರೆ. ಮೇಲಿನವರು ಚೆಂದಕ್ಕೆ ಅಂತ ಕಾರ್ಪೆಟ್ ಕಿತ್ತು ಬರೀ ಹಲಗೆ ಬಿಟ್ಟಿರಬಹುದು. ಮಗಳು ಕರಾರು ತೆಗೆದು ಆ ಸಾಲು ಹುಡುಕಲಿ. ಸಿಕ್ಕರೆ ಜಗಳ ಬೇಡ, ಚಹಾಕ್ಕೆ ಕರೆದು ತೋರಿಸಲಿ.

ಬೂಷ್ಟಿಗೂ ಇದೇ ಕಥೆ. ಆಗಿನ ಗೋಡೆ ಸಾಮಾನ್ಯವಾಗಿ ಒಂಬತ್ತು ಇಂಚಿನ ಗಟ್ಟಿ ಇಟ್ಟಿಗೆ ಗೋಡೆ, ಸುಣ್ಣದ ಗಾರೆಯಲ್ಲಿ ಕಟ್ಟಿದ್ದು. ಮಳೆ ಬಂದಾಗ ಸ್ವಲ್ಪ ನೀರು ಕುಡಿಯುತ್ತೆ, ಬಿಸಿಲು ಗಾಳಿಗೆ ಬಿಟ್ಟುಕೊಡುತ್ತೆ. ಕೋಣೆಗೊಂದು ಅಗ್ಗಿಷ್ಟಿಕೆ ಇತ್ತು. ಒಂದೊಂದು ಒಲೆಗೂ ಪ್ರತ್ಯೇಕ ಹೊಗೆಕೊಳವೆ. ಬೀದಿಯಲ್ಲಿ ನಿಂತು ಮೇಲಿನ ಮಡಕೆಯಂಥ ಕೊಳವೆಬಾಯಿ ಎಣಿಸಿದರೆ ಮನೆಯಲ್ಲಿ ಸುಮಾರು ಎಷ್ಟು ಒಲೆ ಇದ್ದವು ಅಂತ ಹೇಳಬಹುದು. ಬೆಂಕಿ ಉರಿದಾಗ ಕೋಣೆಯ ತೇವದ ಗಾಳಿ ಮೇಲೆ ಎಳೆದುಹೋಗುತ್ತಿತ್ತು, ಕಿಟಕಿ ಸಂದಿನಿಂದ ಹೊಸ ಗಾಳಿ ಒಳಗೆ ಬರುತ್ತಿತ್ತು. 1952ರ ಡಿಸೆಂಬರಿನಲ್ಲಿ ಲಂಡನ್ನಿಗೆ ಹೊಗೆಮಂಜು ಕವಿದು ಸಾವಿರಾರು ಜನ ಸತ್ತರು. 1956ರಲ್ಲಿ ಹೊಗೆಗೆ ಕಡಿವಾಣ ಹಾಕುವ ಕಾನೂನು ಬಂತು. ಕಲ್ಲಿದ್ದಲ ಒಲೆಗಳು ಒಂದೊಂದಾಗಿ ಆರಿದವು, ಬಾಯಿಗೆ ಹಲಗೆ ಬಿತ್ತು. ಆಮೇಲೆ ಕಿಟಕಿಯ ಸಂದೂ ಮುಚ್ಚಿದರು. ಈಗ ಅದೇ ಗೋಡೆಗಳ ನಡುವೆ ಐದು ಅಡುಗೆಮನೆ, ಐದು ಬಚ್ಚಲು. ಜೊತೆಗೆ ಬಾಣಂತಿ ಮನೆ. ದಿನಾ ಕೂಸಿನ ಬಟ್ಟೆ ಒಳಗೇ ಒಣಗಿರುತ್ತೆ, ಅಲ್ವಾ? ಆ ನೀರೆಲ್ಲ ಹೋಗುವುದೆಲ್ಲಿಗೆ? ತಣ್ಣಗಿರುವ ಮೂಲೆ ಹುಡುಕಿಕೊಂಡು ಹೋಗಿ ಕೂರುತ್ತೆ. ಅಲ್ಲೇ ಬೂಷ್ಟು.

ಬೂಷ್ಟಿನ ಮೇಲೆ ಬಣ್ಣ ಹೊಡೆದರೆ ಪ್ರಯೋಜನ ಇಲ್ಲ. ಮುಚ್ಚಿದ ಒಲೆಯ ಹಲಗೆಯಲ್ಲಿ ಗಾಳಿಯಾಡುವ ಜಾಲರಿ ಇದೆಯಾ ನೋಡಲಿ, ಇಲ್ಲದಿದ್ದರೆ ಹಾಕಿಸಲಿ. ಅಡುಗೆ ಮಾಡುವಾಗ ಫ್ಯಾನ್ ಓಡಲಿ, ಬೆಳಿಗ್ಗೆ ಹತ್ತು ನಿಮಿಷ ಕಿಟಕಿಯನ್ನು ಮೇಲೂ ಕೆಳಗೂ ನಾಲ್ಕು ಬೆರಳು ತೆರೆಯಲಿ. ಆ ಕಿಟಕಿ ಎರಡು ಪಡಿ ಇರುವುದೇ ಅದಕ್ಕೆ, ಕೆಳಗಿನಿಂದ ತಣ್ಣನೆ ಗಾಳಿ ಬಂದು ಮೇಲಿನಿಂದ ಬಿಸಿಗಾಳಿ ಹೋಗಲಿ ಅಂತ. ಕೂಸು ಇರುವ ಮನೆ, ಇದನ್ನು ತಡ ಮಾಡಬಾರದು.

ಇನ್ನು ಜಾಗ. ಅಲ್ಲಿ ಫ್ಲ್ಯಾಟ್ ಅಂದರೆ ಬಹುಪಾಲು ದೀರ್ಘ ಗುತ್ತಿಗೆ. 99 ವರ್ಷ, 125 ವರ್ಷ, ಕೆಲವು 999 ವರ್ಷದ್ದೂ ಇವೆ. ನೆಲ, ಸೂರು, ಹೊರಗೋಡೆ ಒಬ್ಬ ಮೂಲ ಒಡೆಯನದು. ಐದೂ ಮನೆಯವರು ಖರ್ಚು ಹಂಚಿಕೊಂಡು ಅದರ ರಿಪೇರಿ ಮಾಡಿಸಬೇಕು. 1993ರ ಒಂದು ಕಾನೂನಿನ ಪ್ರಕಾರ ಫ್ಲ್ಯಾಟಿನವರು ಒಟ್ಟಾಗಿ ಆ ಮೂಲ ಒಡೆತನವನ್ನೂ ಕೊಂಡುಕೊಳ್ಳಬಹುದು. ಗುತ್ತಿಗೆಯಲ್ಲಿ ಎಷ್ಟು ವರ್ಷ ಉಳಿದಿದೆ ಅಂತ ಅಳಿಯನನ್ನು ಕೇಳಿ. 80ಕ್ಕಿಂತ ಕೆಳಗೆ ಇಳಿಯುವ ಮುಂಚೆ ವಕೀಲರನ್ನು ನೋಡುವುದು ಒಳ್ಳೆಯದು.

ಮತ್ತೆ, ನಿಮ್ಮ ಬ್ರಹ್ಮಪುರದ ಮನೆಯಲ್ಲಿ ಇದ್ಯಾವುದೂ ಇಲ್ಲ ಅಂದಿರಿ. ಅಲ್ಲಿ ಇನ್ನೂ ಒಂದೇ ಒಲೆ ಉರಿಯುತ್ತಿದೆ, ಅದಕ್ಕೇ.

ಪ್ರಶ್ನೆ: ಮನೆ ಸುಮಾರು ಎಂಬತ್ತು ವರ್ಷದ್ದು, ಕಲ್ಲು ಮಣ್ಣಿನ ಗೋಡೆ. ನೆಲದಿಂದ ಮೂರಡಿವರೆಗೆ ಉಪ್ಪು ಏಳುತ್ತಿದೆ. ವಾಟರ್‌ಪ್ರೂಫ್ ಬಣ್ಣ ಹೊಡೆಸಿದರೆ ನಿಲ್ಲುತ್ತಾ?
— ಒಬ್ಬ ಓದುಗರು, ಸೇಡಂ

ಉತ್ತರ: ನಿಲ್ಲಲ್ಲ. ಇನ್ನೂ ಮೇಲಕ್ಕೆ ಹೋಗುತ್ತೆ. ಇದನ್ನು ನಮ್ಮ ಮನೆಯಲ್ಲೇ ಅನುಭವಿಸಿದ್ದೇನೆ. ಶಹಾಬಜಾರಿನ ನಮ್ಮ ಹಳೇ ಮನೆಗೆ ಅಪ್ಪ ಒಬ್ಬ ಗುತ್ತಿಗೆದಾರರ ಮಾತು ಕೇಳಿ ಒಳಗೂ ಹೊರಗೂ ಸಿಮೆಂಟ್ ಗಿಲಾವು ಮಾಡಿಸಿದರು. ಮೊದಲ ವರ್ಷ ಕನ್ನಡಿಯ ಹಾಗಿತ್ತು. ಮೂರನೇ ಮಳೆಗಾಲಕ್ಕೆ ತಟ್ಟಿದರೆ ಡಬ್ ಡಬ್ ಅನ್ನತೊಡಗಿತು. ದೀಪಾವಳಿಗೆ ಬಣ್ಣ ಹಚ್ಚುವಾಗ ಒಂದು ಕಡೆ ಉಳಿ ಇಟ್ಟು ಎಬ್ಬಿಸಿದೆ. ಚಪಾತಿಯಷ್ಟು ಅಗಲದ ಸಿಮೆಂಟ್ ಹೆಕ್ಕಳೆ ಕೈಗೆ ಬಂತು. ಅದರ ಹಿಂದಿನ ಮಣ್ಣು ಒದ್ದೆ ಹಿಟ್ಟಿನ ಹಾಗೆ ಬೆರಳಿಗೆ ಅಂಟಿತು. ಗೋಡೆ ಕುಡಿದ ನೀರು ಹೊರಗೆ ಬರಲು ದಾರಿ ಇಲ್ಲದೆ ಒಳಗೇ ಕೊಳೆತಿತ್ತು. ಆ ಗೋಡೆಯನ್ನು ಅಜ್ಜಿ ಪ್ರತಿ ವರ್ಷ ಯುಗಾದಿಗೆ ಮುಂಚೆ ಸುಣ್ಣ ಬಳಿಸಿ ಐವತ್ತು ವರ್ಷ ಕಾಪಾಡಿದ್ದರು. ನಾವು ಮೂರೇ ವರ್ಷದಲ್ಲಿ ಅದರ ಬಾಯಿ ಕಟ್ಟಿದ್ದೆವು. ಆ ನೋವು ನನಗೆ ಇನ್ನೂ ಇದೆ.

ಹೀಗೆ ಮಾಡಿ. ಮೊದಲು ಹೊರಗೆ ನೋಡಿ. ಬೀದಿಗೆ ಸಿಮೆಂಟ್ ಹಾಕುತ್ತಾ ಹಾಕುತ್ತಾ ಮಟ್ಟ ಏರಿ, ಮನೆಯ ನೆಲವೇ ತಗ್ಗಾಗಿರುತ್ತೆ. ಹಾಗಿದ್ದರೆ ನೀರು ಗೋಡೆ ಬುಡಕ್ಕೆ ಬರದಂತೆ ಇಳಿಜಾರು ಮಾಡಿಸಿ. ಆಮೇಲೆ ಉಪ್ಪು ಹಿಡಿದ ಪ್ಲಾಸ್ಟರನ್ನು, ಉಪ್ಪು ಕಾಣುವ ಮಟ್ಟಕ್ಕಿಂತ ಒಂದಡಿ ಮೇಲಿನವರೆಗೂ ಕೆತ್ತಿಸಿ. ಒಂದು ಬೇಸಿಗೆ ಪೂರ್ತಿ ಒಣಗಲು ಬಿಡಿ, ಅವಸರ ಬೇಡ. ಆಮೇಲೆ ಸುಣ್ಣದ ಗಾರೆ: ನೆನೆಸಿದ ಸುಣ್ಣ ಒಂದು ಪಾಲು, ಜರಡಿ ಹಿಡಿದ ಮರಳು ಮೂರು ಪಾಲು. ಬುಡದಲ್ಲಿ ಸ್ವಲ್ಪ ಇಟ್ಟಿಗೆ ಪುಡಿ ಸೇರಿಸಿದರೆ ತೇವದಲ್ಲೂ ಬಿಗಿಯುತ್ತೆ. ಸುಣ್ಣ ಗಾಳಿಯನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುವ ವಸ್ತು. ಹಾಗಾಗಿ ಕೆಲವು ದಿನ ಗೋಣಿತಾಟು ತೋಯಿಸಿ ನೆರಳು ಮಾಡಬೇಕು, ಇಲ್ಲದಿದ್ದರೆ ನಮ್ಮ ಬಿಸಿಲಿಗೆ ಪುಡಿಯಾಗುತ್ತೆ. ಈಗಿನ ಗೌಂಡಿಗಳು ಇದನ್ನು ಬೇಡ ಅನ್ನುತ್ತಾರೆ. ಕಲಬುರಗಿ ಕೋಟೆಯ ಜಾಮಿ ಮಸೀದಿ 1367ರದ್ದು, ಅದರ ಕಮಾನುಗಳು ಗಚ್ಚಿನಲ್ಲೇ ನಿಂತಿವೆ ಅಂತ ಅವರಿಗೆ ಹೇಳಿ. ಬಣ್ಣಕ್ಕೂ ಸುಣ್ಣವೇ ಸಾಕು.

ಪ್ರಶ್ನೆ: ಬೀದರಿನ ಹಳೇ ಊರಲ್ಲಿ ಅಜ್ಜ ಕಟ್ಟಿಸಿದ ಮನೆ ಇದೆ. ಎರಡಡಿ ದಪ್ಪದ ಕೆಂಪು ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ನಡುವೆ ಅಂಗಳ. ನಾವು ಮೂವರು ಅಣ್ಣತಮ್ಮಂದಿರು. ಮಾಳಿಗೆ ತೆಗೆದು ಸ್ಲ್ಯಾಬ್ ಹಾಕಿ, ಮೇಲೆ ಒಂದು ಮಹಡಿ ಎಬ್ಬಿಸಿ ಮೂರು ಫ್ಲ್ಯಾಟ್ ಮಾಡಿಕೊಳ್ಳಬೇಕು ಅಂತಿದ್ದೇವೆ. ಹಳೇ ಗೋಡೆ ತಡೆಯುತ್ತಾ?
— ಹಿರಿಯಣ್ಣ, ಬೀದರ್

ಉತ್ತರ: ಅಣ್ಣಾ, ಮನೆ ಕೆಡವುತ್ತೇವೆ ಅಂತ ಬರೆಯದೆ ತಡೆಯುತ್ತಾ ಅಂತ ಕೇಳಿದ್ದೀರಿ. ಅದಕ್ಕೆ ನನಗೆ ತುಂಬಾ ಸಂತೋಷ.

ಮೊದಲು ಕಾಗದದ ಕೆಲಸ. ಹಳೇ ಬೀದರಿನಲ್ಲಿ ಕೋಟೆ, 1472ರ ಮಹಮೂದ್ ಗವಾನ್ ಮದರಸಾದಂಥ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕಗಳಿವೆ. 2010ರ ತಿದ್ದುಪಡಿ ಪ್ರಕಾರ ಅಂಥ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆ ಮತ್ತೆ 200 ಮೀಟರ್‌ವರೆಗೆ ಅನುಮತಿ ಪಡೆದು ಕಟ್ಟಬೇಕು. ನಿಮ್ಮ ಮನೆ ಎಲ್ಲಿ ಬರುತ್ತೆ ಅಂತ ನೋಡಿಕೊಳ್ಳದೆ ಒಂದು ಕಲ್ಲನ್ನೂ ಅಲುಗಾಡಿಸಬೇಡಿ. ರಿಪೇರಿಗೂ ಕೇಳಿಯೇ ಮಾಡಬೇಕು.

ಈಗ ಸ್ಲ್ಯಾಬ್. ಮಾಳಿಗೆ ಹಗುರ, ಸ್ಲ್ಯಾಬ್ ಭಾರ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಲೆಕ್ಕ ಹಾಕಿ ನೋಡಿ. ಐದು ಇಂಚಿನ ಸ್ಲ್ಯಾಬ್ ಒಂದು ಚದರ ಮೀಟರಿಗೆ ಸುಮಾರು 310 ಕಿಲೋ. ಒಂದಡಿ ದಪ್ಪ ಮಣ್ಣು ಹೊತ್ತ ಮಾಳಿಗೆ ಸುಮಾರು 500 ಕಿಲೋ. ಅಂದರೆ ನಿಮ್ಮ ಗೋಡೆ ಇಷ್ಟು ವರ್ಷ ಸ್ಲ್ಯಾಬಿಗಿಂತ ಜಾಸ್ತಿ ಭಾರವನ್ನೇ ಹೊತ್ತಿದೆ. ತೊಂದರೆ ಇರುವುದು ಬಿಸಿಲಲ್ಲಿ. ಕಾಂಕ್ರೀಟ್ ಕಾದರೆ ಹಿಗ್ಗುತ್ತೆ. ನಲವತ್ತಡಿ ಉದ್ದದ ಸ್ಲ್ಯಾಬ್ ಬೇಸಿಗೆಯ ಮಧ್ಯಾಹ್ನಕ್ಕೂ ಬೆಳಗಿನ ಜಾವಕ್ಕೂ 30 ಡಿಗ್ರಿ ಹೆಚ್ಚುಕಮ್ಮಿಯಾದರೆ ಮೂರು ನಾಲ್ಕು ಮಿಲಿಮೀಟರ್ ಹಿಗ್ಗಿ ಕುಗ್ಗುತ್ತೆ. ಮಣ್ಣಿನಲ್ಲೋ ಸುಣ್ಣದಲ್ಲೋ ಕಟ್ಟಿದ ಗೋಡೆಯ ನೆತ್ತಿಯನ್ನು ಅದು ದಿನಾ ತಳ್ಳುತ್ತೆ, ಎಳೆಯುತ್ತೆ. ಕೆಲವೇ ವರ್ಷಕ್ಕೆ ಸ್ಲ್ಯಾಬಿನ ಕೆಳಗೆ ಮನೆ ಸುತ್ತ ಒಂದು ಬಿರುಕು ಕಾಣುತ್ತೆ. ಅದರ ಮೇಲೆ ಇನ್ನೊಂದು ಮಹಡಿ ಎಬ್ಬಿಸಿದರೆ ಭಾರವೂ ಸೇರಿತು. ಹಾಗಾಗಿ ಹಳೇ ಗೋಡೆಯ ಮೇಲೆ ಮಹಡಿ ಬೇಡವೇ ಬೇಡ. ಜಾಗ ಬೇಕೇ ಬೇಕಾದರೆ, ಮತ್ತು ಅನುಮತಿ ಸಿಕ್ಕರೆ, ಹಿತ್ತಲಲ್ಲಿ ಸ್ವಂತ ಪಾಯ, ಸ್ವಂತ ಕಂಬದ ಮೇಲೆ ಬೇರೆಯೇ ಕಟ್ಟಿ. ಹಳೆಯದಕ್ಕೂ ಹೊಸದಕ್ಕೂ ನಡುವೆ ಎರಡು ಬೆರಳು ಸಂದು ಇರಲಿ.

ಮಾಳಿಗೆ ಸೋರುತ್ತಿದ್ದರೆ ತೊಲೆ ಜಂತಿ ಪರೀಕ್ಷೆ ಮಾಡಿಸಿ. ಬಹಳಷ್ಟು ಸಲ ಗೋಡೆಯೊಳಗೆ ಹುದುಗಿದ ತುದಿ ಮಾತ್ರ ಹುಳ ಹಿಡಿದಿರುತ್ತೆ, ನಡುವೆ ತೊಲೆ ಕಬ್ಬಿಣದ ಹಾಗಿರುತ್ತೆ. ತುದಿಗೆ ಆಸರೆ ಕೊಟ್ಟರೆ ಸಾಕು. ಮೇಲಿನ ಮಣ್ಣು ಎಷ್ಟು ದಪ್ಪ ಇದೆ ಅಂತಲೂ ನೋಡಿ. ಪ್ರತಿ ಮಳೆಗಾಲಕ್ಕೆ ಮುಂಚೆ ಹಾಳುಮಣ್ಣು ಹೊತ್ತು ಹಾಕಿ ಹಾಕಿ ಕೆಲವು ಮನೆಯಲ್ಲಿ ಎರಡಡಿ ಆಗಿರುವುದನ್ನು ಕಂಡಿದ್ದೇನೆ. ಅಷ್ಟು ಬೇಕಿಲ್ಲ, ಇಳಿಸಿ. ಬೆಳಕಿಂಡಿಗಳನ್ನು ಮಾತ್ರ ಮುಚ್ಚಬೇಡಿ.

ಎಲ್ಲಕ್ಕಿಂತ ಜಾಸ್ತಿ ಹುಷಾರಾಗಿರಬೇಕಾದದ್ದು ಬಚ್ಚಲು, ಸಂಡಾಸದ ವಿಷಯದಲ್ಲಿ. ನಿಮ್ಮ ಊರಿನ ಕೆಂಪು ಕಲ್ಲು ಹಸಿಯಾಗಿದ್ದಾಗ ಕೊಡಲಿಗೆ ಕೊಯ್ಯುವಷ್ಟು ಮೆದು, ಗಾಳಿಗೆ ಬಂದ ಮೇಲೆ ಗಟ್ಟಿ. ಆದರೆ ಮೈತುಂಬ ತೂತು, ಸ್ಪಂಜಿನ ಹಾಗೆ ನೀರು ಕುಡಿಯುತ್ತೆ. ಮೂರು ಸಂಸಾರಕ್ಕೆ ಮೂರು ಬಚ್ಚಲನ್ನು ಮೂರು ಮೂಲೆಯಲ್ಲಿ ಗೋಡೆ ಕೊರೆದು ಮಾಡಿದರೆ ಮನೆ ಮೂರು ಕಡೆಯಿಂದ ಒದ್ದೆಯಾಗುತ್ತೆ. ಮೂರನ್ನೂ ಹಿತ್ತಲ ಕಡೆ ಒಂದೇ ಸಾಲಿನಲ್ಲಿ, ಹಳೇ ಗೋಡೆಗೆ ತಾಗದಂತೆ ಕಟ್ಟಿ. ಪೈಪೆಲ್ಲ ಹೊರಗೆ ಕಾಣುವಂತಿರಲಿ. ನಾನಿದ್ದ ಲಂಡನ್ ಮನೆಯಲ್ಲೂ ಹಾಗೇ ಇತ್ತು. ಮುಂದಿನಿಂದ ನೋಡಿದರೆ ಅರಮನೆ, ಹಿಂದೆ ಹೋದರೆ ಗೋಡೆ ತುಂಬ ಪೈಪು. ಮೊದಲು ನನಗೆ ಅದು ಅಸಹ್ಯ ಅನ್ನಿಸಿತ್ತು. ಪೈಪ್ ಸೋರಿದರೆ ಅವತ್ತೇ ಕಣ್ಣಿಗೆ ಬೀಳುತ್ತೆ, ಗೋಡೆ ಉಳಿಯುತ್ತೆ ಅಂತ ಆಮೇಲೆ ತಿಳಿಯಿತು.

ಅಂಗಳ. ದಯವಿಟ್ಟು ಇದನ್ನು ಪಾಲು ಮಾಡಬೇಡಿ. ರಾತ್ರಿ ತಂಪು ಗಾಳಿ ಅಲ್ಲಿ ಇಳಿದು ಸುತ್ತಲ ಕೋಣೆಗೆ ಹೋಗುತ್ತೆ, ಹಗಲೆಲ್ಲ ಎರಡಡಿ ಗೋಡೆ ಆ ತಂಪನ್ನು ಹಿಡಿದಿಟ್ಟುಕೊಳ್ಳುತ್ತೆ. ನಡುವೆ ಎರಡು ಗೋಡೆ ಎಬ್ಬಿಸಿ ಮೂರು ತುಂಡು ಮಾಡಿದರೆ ನಿಮಗೆ ಸಿಗುವುದು ಮೂರು ಬಾವಿ. ಒಂದು ಹಳ್ಳಿಯಲ್ಲಿ ಹೀಗೆ ಮಾಡಿದ ವಾಡೆಗೆ ಹೋಗಿದ್ದೆ. ಅಂಗಳದ ತುಳಸಿಕಟ್ಟೆ ಗೋಡೆಗೆ ಅಡ್ಡ ಬಂದಿತ್ತಂತೆ. ಅರ್ಧ ಈ ಕಡೆ, ಅರ್ಧ ಆ ಕಡೆ ಉಳಿದಿತ್ತು. ಕಲಬುರಗಿಯ ತಾಯಿ ಬರೆದ ಅರ್ಧ ಹೂವಿನ ಮಾತು ಓದಿದಾಗ ಆ ಕಟ್ಟೆಯೇ ಕಣ್ಣ ಮುಂದೆ ಬಂತು.

ಹಾಗಾಗಿ ಕೋಣೆ ಹಂಚಿಕೊಳ್ಳಿ. ಅಂಗಳ, ದೊಡ್ಡ ಬಾಗಿಲು, ಮಾಳಿಗೆ, ಬಾವಿ ಮೂವರಿಗೂ ಸೇರಿದ್ದು ಅಂತ ವಾಟಣಿ ಪತ್ರದಲ್ಲಿ ಬರೆಸಿ ನೋಂದಣಿ ಮಾಡಿಸಿ. ಕಾನೂನಿನಲ್ಲೂ ಇದಕ್ಕೆ ದಾರಿ ಇದೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಲ್ಲಿ ಪ್ರತಿ ಮನೆಯವರಿಗೂ ತಮ್ಮ ಭಾಗದ ಜೊತೆ ಎಲ್ಲರಿಗೂ ಸೇರಿದ ಜಾಗದಲ್ಲಿ ಪಾಲು ಇರುತ್ತೆ, ಆ ಪಾಲನ್ನು ಬೇರೆ ಮಾಡಿ ಮಾರುವಂತಿಲ್ಲ. ನಿಮ್ಮ ಮನೆಗೆ ಅದೇ ಸರಿಯೋ, ಕುಟುಂಬದ ವಾಟಣಿಯೇ ಸಾಕೋ ಅಂತ ಊರಿನ ವಕೀಲರು ಹೇಳುತ್ತಾರೆ. ಯಾವುದೇ ಆಗಲಿ, ಒಂದು ಸಾಲು ಮರೆಯಬೇಡಿ: ಮಾಳಿಗೆ ರಿಪೇರಿ ಖರ್ಚು ಯಾರ್ಯಾರು ಎಷ್ಟೆಷ್ಟು, ಯಾವ ತಿಂಗಳಲ್ಲಿ. ಮೇ ತಿಂಗಳು ಅಂತಲೇ ಬರೆಸಿ. ಜೂನ್‌ನಲ್ಲಿ ಮಳೆ ಬಿದ್ದ ಮೇಲೆ ದುಡ್ಡಿನ ಮಾತು ಶುರುವಾದರೆ ತಡವಾಯಿತು.

ಪ್ರಶ್ನೆ: ನಾನು ಡಿಪ್ಲೊಮಾ ಓದುತ್ತಿದ್ದೇನೆ. ವಿಕ್ಟೋರಿಯಾ ಕಾಲದ ಮನೆಯೊಂದರ ನಕ್ಷೆ ಬಿಡಿಸಿ ತನ್ನಿ ಅಂದಿದ್ದಾರೆ. ಯಾದಗಿರಿ ಕಡೆ ಅಂಥದ್ದು ಎಲ್ಲಿ ಸಿಗುತ್ತೆ, ಮೇಡಂ?
— ವಿದ್ಯಾರ್ಥಿನಿ, ಯಾದಗಿರಿ

ಉತ್ತರ: ಸುರಪುರಕ್ಕೆ ಹೋಗಮ್ಮ. ಗುಡ್ಡದ ಮೇಲೆ ಟೇಲರ್ ಮಂಜಿಲ್ ಇದೆ. ಫಿಲಿಪ್ ಮೆಡೋಸ್ ಟೇಲರ್ 1841ರಿಂದ 1853ರವರೆಗೆ ಸುರಪುರದಲ್ಲಿ ಅಧಿಕಾರಿಯಾಗಿದ್ದವರು, ಆ ಕಾಲದಲ್ಲಿ ಕಟ್ಟಿಸಿದ ಮನೆ. ವಿಕ್ಟೋರಿಯಾ ಅನ್ನುವುದು ರಾಣಿಯ ಹೆಸರು, ಕಾಲದ ಹೆಸರು. ಅದೊಂದೇ ಬಗೆಯ ಮನೆ ಅಂತಲ್ಲ. ಹಾಗಾಗಿ ಲಂಡನ್ನಿನ ಹಾಗೆ ಉದ್ದನೆಯ, ಇಕ್ಕಟ್ಟಿನ ಮನೆಯನ್ನು ಅಲ್ಲಿ ಹುಡುಕಬೇಡ. ಲಂಡನ್ನಿನಲ್ಲಿ ಚಳಿಗೆ ಅಂತ ಕಟ್ಟಿದರು, ಇಲ್ಲಿ ಬಿಸಿಲಿಗೆ ಅಂತ ಕಟ್ಟಿದರು. ಎರಡನ್ನೂ ಪಕ್ಕಪಕ್ಕ ಇಟ್ಟು ಬಿಡಿಸಿದರೆ ನಿನ್ನ ಕೆಲಸ ಚೆನ್ನಾಗಿ ಬರುತ್ತೆ.

ಗೋಡೆಯ ದಪ್ಪವನ್ನು ಕಿಟಕಿಯ ಬಳಿ ಅಳೆ, ಅಲ್ಲೇ ಸರಿಯಾಗಿ ಸಿಗುತ್ತೆ. ಚಾವಣಿಯ ಎತ್ತರ, ಕಿಟಕಿ ಯಾವ ದಿಕ್ಕಿಗಿದೆ, ಮಧ್ಯಾಹ್ನ ಮೂರಕ್ಕೆ ಬಿಸಿಲು ಎಲ್ಲಿವರೆಗೆ ಒಳಗೆ ಬರುತ್ತೆ, ಇಷ್ಟನ್ನು ಗುರುತು ಹಾಕಿಕೋ. ಯಾವ ಗೋಡೆ ಆಮೇಲೆ ಎಬ್ಬಿಸಿದ್ದು ಅಂತ ತಟ್ಟಿ ನೋಡು. ಹೋಗುವ ಮುಂಚೆ ಅನುಮತಿ ಕೇಳಿ ಚೀಟಿ ಬರೆಸಿಕೋ. ಐವತ್ತಡಿ ಟೇಪು ತಗೊಂಡು ಹೋಗು, ಇನ್ನೊಂದು ತುದಿ ಹಿಡಿಯಲು ಗೆಳತಿಯನ್ನೂ ಕರೆದುಕೊಂಡು ಹೋಗು. ನಕ್ಷೆ ಮುಗಿದ ಮೇಲೆ ಒಂದು ಪ್ರತಿ ನನಗೂ ಕಳಿಸು, ನೋಡುವ ಆಸೆ ಇದೆ.